ಹೊಸ್ತಿಲೇ ಇಲ್ಲದವಳು ದಾಟುವುದಾದರೂ ಏನನ್ನು?

ಕನ್ನಡದ ಸ್ತ್ರೀವಾದಿ ವಿಮರ್ಶೆ ಬೆಳೆದು ಬಂದ ದಾರಿಯಲ್ಲಿ ‘ಹೊಸ್ತಿಲು’ ಎಂಬ ರೂಪಕ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಹೆಣ್ಣು ಹೊಸ್ತಿಲ ಒಳಗೆ ಬಂಧಿ, ಅವಳು ಓದಿದಳು, ದುಡಿದಳು, ಬರೆದಳು, ಹೊಸ್ತಿಲು ದಾಟಿದಳು, ದಾಟಿದ್ದೇ ಬಿಡುಗಡೆ. ಸೆಮಿನಾರುಗಳಲ್ಲಿ, ಪಿಎಚ್.ಡಿ. ಪ್ರಬಂಧಗಳಲ್ಲಿ, ನಾವು ತರಗತಿಯಲ್ಲಿ ಬರೆಸುವ ನೋಟ್ಸುಗಳಲ್ಲಿ ಕೂಡ ಇದೇ ಕಥೆ. ಈ ಕಥೆ ಸುಳ್ಳೇನಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ಓದಿದವರಿಗೆ ಆ ಮನೆಯ ಕತ್ತಲು ಎಂಥದು ಎಂದು ಗೊತ್ತು. ಬಾಲವಿಧವೆಯಾಗಿ ತಲೆ ಬೋಳಿಸಿಕೊಂಡು, ನೂರು ವರ್ಷ ದಾಟಿದ ಬದುಕನ್ನು ಮಡಿಯಲ್ಲೇ ಸವೆಸಿದ ಆ ಹೆಂಗಸಿಗೆ ಮನೆ ಎಂಬುದು ಸೆರೆ. ಆದರೆ ಒಂದು ಮಾತನ್ನು ಮಾತ್ರ ಯಾರೂ ಹೇಳುವುದಿಲ್ಲ: ಆ ಸೆರೆಗೆ ಮಾಡು ಇತ್ತು. ಮಳೆ ಬಂದರೆ ಫಣಿಯಮ್ಮ ನೆನೆಯುತ್ತಿರಲಿಲ್ಲ. ರಾತ್ರಿ ಎಲ್ಲಿ ಮಲಗುವುದು ಎಂಬ ಪ್ರಶ್ನೆ ಅವಳಿಗೆ ಬರಲಿಲ್ಲ. ಇದನ್ನು ಹೇಳುವುದು ಅವಳ ನೋವನ್ನು ಕಡಿಮೆ ಮಾಡಲಿಕ್ಕಲ್ಲ. ಒಂದು ಜಾತಿಯ ಹೆಣ್ಣಿನ ಅನುಭವದಿಂದ ಹುಟ್ಟಿದ ರೂಪಕವನ್ನು ಎಲ್ಲ ಹೆಂಗಸರ ರೂಪಕವೆಂದು ಒಪ್ಪಿಕೊಂಡಾಗ ಏನು ಮುಚ್ಚಿಹೋಗುತ್ತದೆ ಎಂದು ಕೇಳಲಿಕ್ಕೆ. ಕೇರಿಯ ಹೆಂಗಸು ಬೆಳಗಿನ ಜಾವಕ್ಕೇ ಎದ್ದು ಗೌಡನ ಕೊಟ್ಟಿಗೆಗೆ, ಕಳೆ ಕೀಳಲಿಕ್ಕೆ, ಪೇಟೆಯ ಕಸ ಗುಡಿಸಲಿಕ್ಕೆ ಹೋದವಳು. ಅವಳು ಯಾವ ಹೊಸ್ತಿಲನ್ನೂ ‘ದಾಟ’ಲಿಲ್ಲ. ಹೊರಗೇ ಇದ್ದಳು. ಅವಳ ಪ್ರಶ್ನೆ ಹೊರಗೆ ಬರುವುದು ಹೇಗೆ ಎಂಬುದಲ್ಲ. ಒಳಗೆ ಅಂತ ತನಗೊಂದು ಜಾಗ ಯಾವಾಗ ಎಂಬುದು.

ಇನ್ನು ನಮ್ಮ ದೊಡ್ಡ ಪರಂಪರೆಯನ್ನು ನೋಡಿದರೆ ಸಂಗತಿ ಇನ್ನೂ ವಿಚಿತ್ರವಾಗಿದೆ. ಕನ್ನಡ ಮನಸ್ಸು ತನ್ನ ಅತ್ಯುನ್ನತ ಆದರ್ಶಗಳನ್ನು ಹೇಳಿಕೊಳ್ಳುವಾಗ ಮನೆಯಿಲ್ಲದಿರುವುದನ್ನೇ ಹಾಡಿ ಹೊಗಳಿದೆ. ಕುವೆಂಪು ಅವರ ‘ಅನಿಕೇತನ’ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ವಚನಗಳ ವಿಷಯಕ್ಕೆ ಬಂದರೆ, ಎ.ಕೆ. ರಾಮಾನುಜನ್ ತಮ್ಮ ‘ಸ್ಪೀಕಿಂಗ್ ಆಫ್ ಶಿವ’ದ (1973) ಪ್ರಸ್ತಾವನೆಯಲ್ಲಿ ಸ್ಥಾವರ–ಜಂಗಮಗಳ ವಿರೋಧವನ್ನು ಮುಂದಿಟ್ಟ ಮೇಲಂತೂ ನಿಂತದ್ದೆಲ್ಲ ಅಧಿಕಾರ, ಚಲಿಸಿದ್ದೆಲ್ಲ ಬಿಡುಗಡೆ ಎಂಬ ಓದು ನಮ್ಮ ವಿಮರ್ಶೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಕುವೆಂಪು ಅವರ ಆಶಯ ನನಗೆ ಅರ್ಥವಾಗುತ್ತದೆ. ಮತ, ಪಂಥ, ಪುರೋಹಿತಶಾಹಿಗಳ ಇಕ್ಕಟ್ಟಿನ ಮನೆಗಳಿಂದ ಚೇತನ ಹೊರಗೆ ಬರಬೇಕು ಎನ್ನುವುದು ಅದು. ದೇವಾಲಯ ಕಟ್ಟಿಸುವ ಉಳ್ಳವರ ಎದುರಿಗೆ ದೇಹವನ್ನೇ ಮುಂದಿಟ್ಟ ಬಸವಣ್ಣನ ಧೈರ್ಯವೂ ಸಣ್ಣದಲ್ಲ. ಆದರೆ ಮನೆ ಬಿಡುವ ಕರೆ ಯಾರ ಕಿವಿಗೆ ಬೀಳುತ್ತಿದೆ? ಬಿಡಲಿಕ್ಕೆ ಮೊದಲು ಇರಬೇಕಲ್ಲ! ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿರುವವಳು ಜಂಗಮಳಲ್ಲ. ಅವಳಿಗೆ ಬೇಕಾಗಿರುವುದು ಸ್ಥಾವರವೇ: ನಾಲ್ಕು ಗೋಡೆ, ಒಂದು ಅಗುಳಿ, ಒಳಗಿನಿಂದ ಹಾಕಿಕೊಳ್ಳಲು ಬರುವ ಅಗುಳಿ.

ಅಕ್ಕಮಹಾದೇವಿ ಕೌಶಿಕನ ಅರಮನೆ ಬಿಟ್ಟವಳು ಎಂದು ನೆನಪಿಸುವವರು ಇದ್ದೇ ಇರುತ್ತಾರೆ. ನಿಜ. ಆದರೆ ಅನುಭವ ಮಂಟಪದ ಬಾಗಿಲಲ್ಲಿ ಅವಳನ್ನು ನಿಲ್ಲಿಸಿ ಪ್ರಶ್ನೆ ಕೇಳಲಾಯಿತು ಎಂಬ ಭಾಗವನ್ನು ನಾವು ಆಧ್ಯಾತ್ಮಿಕ ಸಂವಾದವೆಂದು ಮಾತ್ರ ಓದುತ್ತಾ ಬಂದಿದ್ದೇವೆ. ಮನೆ ಬಿಟ್ಟ ಹೆಂಗಸು ಪ್ರತಿ ಬಾಗಿಲಲ್ಲೂ ತನ್ನ ಮೈಗೆ, ತನ್ನ ನಡತೆಗೆ ಉತ್ತರ ಹೇಳಬೇಕು. ಶರಣರ ಬಾಗಿಲೂ ಇದಕ್ಕೆ ಹೊರತಾಗಲಿಲ್ಲ. ಕನ್ನಡದ ಮಾತುಗಳನ್ನೇ ನೋಡಿ. ಗಂಡಸು ಮನೆ ಬಿಟ್ಟರೆ ವಿರಾಗಿ, ಅವಧೂತ, ಸಂತ. ಏನೂ ಆಗದಿದ್ದರೆ ಕೊನೆಗೆ ಅಲೆಮಾರಿ, ಅದರಲ್ಲೂ ಒಂದು ಸೊಗಸು ಕಾಣುವವರಿದ್ದಾರೆ. ಹೆಂಗಸು ಮನೆ ಬಿಟ್ಟರೆ ಓಡಿಹೋದವಳು, ಬೀದಿಗೆ ಬಿದ್ದವಳು, ಮನೆಹಾಳಿ. ‘ಬೀದಿಗೆ ಬಿದ್ದವಳು’ ಎಂಬ ಒಂದೇ ಮಾತಿನಲ್ಲಿ ಸೂರು ಕಳೆದುಕೊಂಡದ್ದೂ ಶೀಲ ಕಳೆದುಕೊಂಡದ್ದೂ ಒಟ್ಟಿಗೆ ಸೇರಿಹೋಗಿವೆ. ಕಾನೂನು, ಪೊಲೀಸು, ಅಧಿಕಾರಿ, ಎಲ್ಲರೂ ಇದೇ ಭಾಷೆಯಲ್ಲೇ ಯೋಚನೆ ಮಾಡುವವರು. ಹೀಗಾಗಿ ಹೆಂಗಸರ ವಸತಿಹೀನತೆಯನ್ನು ಕುರಿತು ನೀತಿ ಬದಲಾಗಬೇಕು ಎನ್ನುವವರು ಭಾಷೆಯ ಈ ಗಂಟನ್ನೂ ಬಿಡಿಸಬೇಕಾಗುತ್ತದೆ. ಅದು ವಿಮರ್ಶೆಯ ಕೆಲಸ. ಎನ್‌ಜಿಓಗಳಿಗೆ ಬಿಟ್ಟುಕೊಟ್ಟು ಕೂರುವ ಕೆಲಸವಲ್ಲ.

ಈಗ ದಲಿತ ಸಾಹಿತ್ಯಕ್ಕೇ ಬರೋಣ. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ನಾವು ಹಸಿವಿನ ಕಥೆಯಾಗಿ ಓದಿದ್ದೇವೆ. ಕದ್ದು ತಂದ ಕಡಲೆಕಾಯಿಯನ್ನು ಇಡೀ ಮನೆ ಒಂದೇ ರಾತ್ರಿಯಲ್ಲಿ ತಿಂದು ಮುಗಿಸುವ ಭಾಗದ ಮೇಲೆ ಎಷ್ಟೋ ಪುಟಗಳು ಬಂದಿವೆ. ಭಾಷೆಯ ಸೊಗಡು, ಅನುಭಾವ, ಜೀವನಪ್ರೀತಿ ಎಲ್ಲ ಚರ್ಚೆಯಾಗಿವೆ. ಆದರೆ ಅದು ಒಂದು ಮನೆಯ ಕಥೆಯೂ ಹೌದು ಎನ್ನುವ ಕಡೆಗೆ ನಮ್ಮ ಗಮನ ಹೋದದ್ದು ಕಡಿಮೆ. ಆ ಮನೆಯ ಯಜಮಾನಿ ಮುದುಕಿ ಸಾಕವ್ವ. ಕಳೆದುಹೋದ ಒಂದು ಕೋಳಿಗಾಗಿ ಅವಳು ಕೇರಿಯನ್ನೆಲ್ಲ ಜಾಲಾಡುತ್ತಾಳೆ. ಮಕ್ಕಳು, ಮೊಮ್ಮಕ್ಕಳು, ಜಗಳ, ಪಾಲಿನ ಮಾತು, ಎಲ್ಲಕ್ಕೂ ಅವಳೇ ನಡುಗಂಬ. ಆಮೇಲೆ ಪೊಲೀಸರು ಬರುತ್ತಾರೆ. ಅವರು ಬರುವ ರೀತಿಯನ್ನು ಗಮನಿಸಬೇಕು. ಆ ಮನೆಗೆ ಗೋಡೆಯಿದೆ, ಗೋಡೆಯ ಮೇಲೆ ಮನೆಯ ಹುಡುಗಿ ಬಿಡಿಸಿದ ನವಿಲಿದೆ, ಆದರೆ ಪ್ರಭುತ್ವವನ್ನು ಒಂದು ಗಳಿಗೆ ತಡೆದು ನಿಲ್ಲಿಸುವ ಹೊಸ್ತಿಲಿಲ್ಲ. ಸಾಹುಕಾರನ ಮನೆಯಾಗಿದ್ದರೆ ಇದೇ ಪೊಲೀಸರು ಜಗುಲಿಯ ಕೆಳಗೆ ನಿಂತು ಕೆಮ್ಮುತ್ತಿದ್ದರು. ಸೂರು ಇದ್ದೂ ಮನೆ ಇಲ್ಲದಿರುವುದು ಎಂದರೆ ಇದು. ಹೋಮ್‌ಲೆಸ್ ಎಂಬ ಇಂಗ್ಲಿಷ್ ಪದಕ್ಕೆ ವಸತಿಹೀನ, ನಿರಾಶ್ರಿತ, ನಿರ್ಗತಿಕ ಎಂದೆಲ್ಲ ಅನುವಾದ ಮಾಡುವ ನಮ್ಮ ಸರ್ಕಾರಿ ಕನ್ನಡಕ್ಕೆ ಸಾಕವ್ವನ ಈ ಸ್ಥಿತಿಯನ್ನು ಹೇಳಲು ಪದವೇ ಇಲ್ಲ.

ಗೋಡೆಯಿದ್ದ ಮಾತ್ರಕ್ಕೆ ರಕ್ಷಣೆಯಿಲ್ಲ ಎಂಬುದಕ್ಕೆ ಸಾಹಿತ್ಯವೇ ಬೇಕಾಗಿಲ್ಲ. 1968ರ ಡಿಸೆಂಬರ್ 25ರ ರಾತ್ರಿ ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ ಜೀವ ಉಳಿಸಿಕೊಳ್ಳಲು ಒಂದು ಗುಡಿಸಲೊಳಗೆ ಸೇರಿಕೊಂಡ 44 ಜನರನ್ನು ಸುಡಲಾಯಿತು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. 2000ದ ಮಾರ್ಚ್ 11ರಂದು ನಮ್ಮದೇ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರು ಸುಟ್ಟುಹೋದದ್ದೂ ಮನೆಯೊಳಗೇ. ಮನೆ ಎಂದರೆ ಆಸರೆ ಎಂಬ ಸಮೀಕರಣ ನಮ್ಮ ಚರಿತ್ರೆಯಲ್ಲಿ ಯಾವತ್ತೂ ಪೂರ್ತಿಯಾಗಿ ನಿಜವಾಗಲಿಲ್ಲ.

ಸಾಕವ್ವನನ್ನು ಹಿಡಿದುಕೊಂಡು ಒಂದು ಸರ್ಕಾರಿ ಪಠ್ಯವನ್ನು ಓದೋಣ. ವಿಮರ್ಶಕರು ಕಾದಂಬರಿ, ಕಾವ್ಯಗಳನ್ನು ಮಾತ್ರ ಓದಬೇಕೆಂದು ಯಾವ ಶಾಸನವೂ ಇಲ್ಲ. ಅರ್ಜಿ ನಮೂನೆಯೂ ಒಂದು ಪಠ್ಯವೇ, ಅದಕ್ಕೂ ಒಬ್ಬ ಕಥಾನಾಯಕ ಇರ್ತಾನೆ. 2011ರ ಸಾಮಾಜಿಕ–ಆರ್ಥಿಕ ಹಾಗೂ ಜಾತಿ ಗಣತಿಯಲ್ಲಿ ಬಡತನವನ್ನು ಅಳೆಯುವ ಗುರುತುಗಳಲ್ಲಿ ಒಂದು ‘ಹೆಣ್ಣು ಯಜಮಾನಿಯಾಗಿರುವ ಕುಟುಂಬ’ ಎಂಬುದು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಅದಕ್ಕೊಂದು ಬಾಲವಿದೆ: ಆ ಮನೆಯಲ್ಲಿ 16ರಿಂದ 59 ವರ್ಷದೊಳಗಿನ ಗಂಡಸು ಇರಬಾರದು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ 2016ರಲ್ಲಿ ಶುರುವಾದಾಗ ಫಲಾನುಭವಿಗಳ ಪಟ್ಟಿ, ಅದರೊಳಗಿನ ಆದ್ಯತೆ ಎರಡಕ್ಕೂ ಈ ಗಣತಿಯೇ ಆಧಾರವಾಯಿತು. ಈಗ ಸಾಕವ್ವ ಎಲ್ಲಿ ಬರುತ್ತಾಳೆ? ಮನೆ ನಡೆಸುವವಳು ಅವಳು, ಬೈಸಿಕೊಳ್ಳುವವಳು ಅವಳು. ಆದರೆ ಅವಳಿಗೆ ಬೆಳೆದ ಗಂಡುಮಕ್ಕಳಿದ್ದಾರೆ! ಹಾಗಾಗಿ ಅವಳು ಯಜಮಾನಿಯಲ್ಲ. ಹದಿನೇಳು ತುಂಬಿದ ಮಗನಿರುವ ವಿಧವೆಯೂ ಅಲ್ಲ. ಕುಡಿದು ಮೂರು ದಿನಕ್ಕೊಮ್ಮೆ ಮನೆಗೆ ಬರುವ ಗಂಡ ಇದ್ದವಳಂತೂ ಅಲ್ಲವೇ ಅಲ್ಲ. ಗಂಡಸು ದುಡಿಯುತ್ತಾನೋ ಇಲ್ಲವೋ, ಇರುತ್ತಾನೋ ಇಲ್ಲವೋ ಎಂಬುದು ಈ ಪಠ್ಯಕ್ಕೆ ಬೇಕಾಗಿಲ್ಲ. ಅವನ ವಯಸ್ಸು ಸಾಕು. ಮಹಾದೇವ ಅವರು ಒಬ್ಬ ಮುದುಕಿಯನ್ನು ಮನೆಯ ಕೇಂದ್ರದಲ್ಲಿ ನಿಲ್ಲಿಸಿದ ಎಷ್ಟೋ ವರ್ಷಗಳ ಮೇಲೂ ದೆಹಲಿಯ ನಮೂನೆಗೆ ಅವಳು ಕಾಣಿಸಲಿಲ್ಲ.

ಹೆಂಗಸಿನ ಹೆಸರಿಗೆ ಮನೆ ಕೊಡುವ ಮಾತು ಹೊಸದೇನಲ್ಲ. 1985–86ರಲ್ಲಿ ಶುರುವಾದ ಇಂದಿರಾ ಆವಾಸ್ ಯೋಜನೆಯ ನಿಯಮಗಳಲ್ಲೇ ಮನೆ ಹೆಂಡತಿಯ ಹೆಸರಿಗೆ ಅಥವಾ ಇಬ್ಬರ ಹೆಸರಿಗೂ ಇರಬೇಕೆಂದು ಬಂತು. ಕರ್ನಾಟಕದಲ್ಲಿ ಆಶ್ರಯ, ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ ಎಂದು ಹೆಸರುಗಳು ಬದಲಾದವು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಬಂತು. ಹೆಸರು ಯಾವುದೇ ಇರಲಿ, ಹೆಂಗಸಿಗೇ ಮಂಜೂರಾಗಬೇಕೆಂಬ ಒತ್ತು ಉಳಿದುಕೊಂಡು ಬಂದಿದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಕಾಗದದಲ್ಲಿ ಹೆಸರಿರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಆದರೆ ಕೇರಿಯ ಯಾವ ಮನೆಗಾದರೂ ಹೋಗಿ ಹಕ್ಕುಪತ್ರ ಎಲ್ಲಿದೆ ಅಂತ ಕೇಳಿ. “ಅವ್ರತ್ರ ಇದೆ” ಅಂತಾಳೆ. ಇಲ್ಲಾ “ಬಡ್ಡಿಯವರ ಹತ್ರ ಇಟ್ಟವ್ರೆ” ಅಂತಾಳೆ. ಸಹಾಯಧನ ಬರುವುದು ಹಂತ ಹಂತವಾಗಿ: ತಳಪಾಯ ಮುಗಿದ ಮೇಲೆ ಫೋಟೋ, ಆಮೇಲೆ ಒಂದು ಕಂತು, ಲಿಂಟಲ್ ಮಟ್ಟಕ್ಕೆ ಬಂದ ಮೇಲೆ ಫೋಟೋ, ಇನ್ನೊಂದು ಕಂತು. ಮೊದಲ ತಳಪಾಯಕ್ಕೆ ಕೈಯಿಂದ ಹಾಕಬೇಕಾದ ದುಡ್ಡನ್ನು ಎಲ್ಲಿಂದ ತರುವುದು? ಗಂಡ ಬಿಟ್ಟವಳಿಗೆ ಸಾಲ ಕೊಡುವವರು ಯಾರು, ಯಾವ ಷರತ್ತಿನ ಮೇಲೆ ಕೊಡುತ್ತಾರೆ? ಪ್ರತಿ ಊರಿನ ಹೊರಗೂ ಲಿಂಟಲ್ಲಿಗೆ ನಿಂತುಹೋದ, ಒಳಗೆ ಎಕ್ಕದ ಗಿಡ ಎದ್ದಿರುವ ಮನೆಗಳಿವೆ. ಕಡತದಲ್ಲಿ ಅವೂ ಲೆಕ್ಕಕ್ಕಿವೆ.

ಇಷ್ಟೇ ಅಲ್ಲ. ಹೆಂಗಸಿನ ಹೆಸರಿಗೆ ಎಂದು ಹೇಳುವ ಈ ಯೋಜನೆಗಳ ಎದೆಯೊಳಗೆ ಒಂದು ಗಂಡ–ಹೆಂಡತಿ–ಮಕ್ಕಳ ಸಂಸಾರ ಕೂತಿದೆ. ಫಾರಮ್ಮಿನಲ್ಲಿ ‘ಗಂಡನ ಅಥವಾ ತಂದೆಯ ಹೆಸರು’ ಎಂಬ ಗೆರೆ ತುಂಬದೆ ಮುಂದಕ್ಕೆ ಹೋಗುವ ಹಾಗಿಲ್ಲ. ಗಂಡ ಸತ್ತರೆ ಮರಣ ಪತ್ರ ಸಿಗುತ್ತದೆ. ಕೋರ್ಟಿಗೆ ಹೋಗಿ ಬಿಡುಗಡೆ ಪಡೆದರೆ ಡಿಕ್ರಿ ಸಿಗುತ್ತದೆ. ಇನ್ನೊಬ್ಬಳನ್ನು ಕಟ್ಟಿಕೊಂಡು ಬೆಂಗಳೂರಿಗೋ ಮುಂಬೈಗೋ ಹೋದವನ ಹೆಂಡತಿಗೆ ಯಾವ ಕಾಗದ ಸಿಗುತ್ತದೆ? ಅವಳು ತವರಿಗೆ ಬರುತ್ತಾಳೆ. ಅಣ್ಣನ ರೇಷನ್ ಕಾರ್ಡಿನಲ್ಲಿ ಅವಳ ಹೆಸರು ಸೇರಿಸಲು ಅತ್ತಿಗೆ ಒಪ್ಪುವುದಿಲ್ಲ, ಗಂಡನ ಕಾರ್ಡಿನಿಂದ ಹೆಸರು ತೆಗೆಸಲು ಗಂಡ ಸಿಗುವುದಿಲ್ಲ. ನಮ್ಮಲ್ಲಿ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯಿದೆ. ಗಾದೆಯನ್ನು ಸರ್ಕಾರ ಸಾಫ್ಟ್‌ವೇರಿಗೆ ಹಾಕಿದೆ, ಅಷ್ಟೇ. 2013ರಲ್ಲಿ ರಾಜ್ಯ ಸರ್ಕಾರ ಮನಸ್ವಿನಿ ಎಂಬ ಮಾಸಾಶನ ತಂದಾಗ 40ರಿಂದ 64 ವರ್ಷದ ಬಡ ಅವಿವಾಹಿತೆ ಮತ್ತು ವಿಚ್ಛೇದಿತೆಯನ್ನು ಪ್ರತ್ಯೇಕವಾಗಿ ಗುರುತಿಸಿತು. ಒಂಟಿ ಹೆಂಗಸನ್ನು ಒಂದು ಘಟಕವಾಗಿ ಕಾಣಲು ಪ್ರಭುತ್ವಕ್ಕೆ ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ. ಹಾಗಿದ್ದರೆ ಮಾಸಾಶನಕ್ಕೆ ಕಂಡವಳು ನಿವೇಶನಕ್ಕೆ ಯಾಕೆ ಕಾಣುವುದಿಲ್ಲ? 2023ರ ಆಗಸ್ಟಿನಿಂದ ಬಂದ ಗೃಹಲಕ್ಷ್ಮಿಯೂ ಅಷ್ಟೇ. ತಿಂಗಳಿಗೆ 2,000 ರೂಪಾಯಿ ಎಷ್ಟೋ ಮನೆಗಳಲ್ಲಿ ಹೆಂಗಸಿನ ಕೈಗೆ ಒಂದಿಷ್ಟು ಬಲ ಕೊಟ್ಟಿದೆ, ಅದನ್ನು ಹಂಗಿಸುವ ಮೇಲ್ಜಾತಿ ಮಧ್ಯಮವರ್ಗದ ಕುಹಕಕ್ಕೆ ನಾನು ದನಿಗೂಡಿಸಲಾರೆ. ಆದರೆ ಆ ಹಣ ‘ಮನೆಯ ಯಜಮಾನಿ’ಗೆ. ಮನೆ ಇಲ್ಲದವಳು ಯಾವುದರ ಯಜಮಾನಿ? ಗೃಹವೇ ಇಲ್ಲದ ಲಕ್ಷ್ಮಿಗೆ ಕಾರ್ಡಿಲ್ಲ, ಕಾರ್ಡಿಲ್ಲದವಳಿಗೆ ಹಣವಿಲ್ಲ.

ಆಸ್ತಿ ಹಕ್ಕಿನ ಚರ್ಚೆ ಬಂದಾಗಲೆಲ್ಲ ನನಗೆ ಸ್ವಲ್ಪ ನಗು ಬರುತ್ತದೆ. ಅಂಬೇಡ್ಕರ್ ಹಿಂದೂ ಕೋಡ್ ಬಿಲ್ಲಿಗಾಗಿ ಹೋರಾಡಿ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. ಕರ್ನಾಟಕದಲ್ಲಿ 1994ರಿಂದ, ಇಡೀ ದೇಶದಲ್ಲಿ 2005ರಿಂದ ಅವಿಭಕ್ತ ಆಸ್ತಿಯಲ್ಲಿ ಹೆಣ್ಣುಮಗಳಿಗೆ ಸಮಪಾಲು ಬಂತು. ಆ ಪಾಲಿನ ಹೆಚ್ಚಿನ ಲಾಭ ಸಿಕ್ಕಿದ್ದು ಯಾವ ಜಾತಿಗಳ ಹೆಣ್ಣುಮಕ್ಕಳಿಗೆ ಎಂದು ಬಿಡಿಸಿ ಹೇಳಬೇಕೆ? ಗೋಮಾಳದ ಅಂಚಿನಲ್ಲಿ ಹಾಕಿಕೊಂಡ ಗುಡಿಸಲಿನಲ್ಲಿ ಪಾಲು ಕೇಳುವುದಾದರೂ ಹೇಗೆ? ಹಾಗೆ ನೋಡಿದರೆ ಕೇರಿಯಲ್ಲಿ ತಂದೆಯ ಮನೆ ಮಗಳ ಕೈಗೆ ಬರುತ್ತಿದ್ದ ಒಂದು ಹಳೆಯ ದಾರಿಯಿತ್ತು. ಗಂಡುಮಕ್ಕಳಿಲ್ಲದವರು ಮಗಳನ್ನು ಬಸವಿ ಬಿಡುವುದು, ದೇವದಾಸಿ ಮಾಡುವುದು. ಅವಳು ಮದುವೆಯಾಗಿ ಹೋಗುವ ಹಾಗಿಲ್ಲ, ಮನೆ ಅವಳದು. ನಮ್ಮ ಸಮಾಜ ದಲಿತ ಹೆಣ್ಣಿಗೆ ಮನೆ ಕೊಡಲು ಕೇಳಿದ ಬೆಲೆ ಅದು! 1982ರ ಕಾಯ್ದೆ ಈ ಪದ್ಧತಿಯನ್ನು ನಿಷೇಧಿಸಿತು. 1993–94 ಮತ್ತು 2007–08ರ ಸಮೀಕ್ಷೆಗಳಲ್ಲಿ ಒಟ್ಟು 46,660 ಹೆಂಗಸರನ್ನು ಗುರುತಿಸಲಾಯಿತು. ಆ ಪಟ್ಟಿಯಲ್ಲಿ ಹೆಸರು ಬಿದ್ದವಳಿಗೆ ಪಿಂಚಣಿ, ನಿವೇಶನ. ಸಮೀಕ್ಷೆಯವರು ಬಂದ ದಿನ ಕಬ್ಬು ಕಡಿಯಲು ಹೋಗಿದ್ದವಳಿಗೆ ಏನೂ ಇಲ್ಲ.

ದಲಿತ ಲೇಖಕರು ಬರೆದ ಮನೆಗಳಲ್ಲಿ ‘ಅವ್ವ’ ಇದ್ದಾಳೆ. ಒಲೆಯ ಮುಂದೆ, ಬೀಸುವ ಕಲ್ಲಿನ ಮುಂದೆ, ಮಗನನ್ನು ಸ್ಕೂಲಿಗೆ ಕಳಿಸುತ್ತಾ. ಅವ್ವನೇ ಮನೆ. ಈ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನವಿರುವುದು ಅದು ಏನನ್ನು ಮರೆಸುತ್ತದೆ ಎಂಬುದರ ಬಗ್ಗೆ. ಅವ್ವನೇ ಮನೆಯಾದರೆ ಅವ್ವನಿಗೆ ಮನೆ ಯಾವುದು? ಅಪ್ಪ ಕುಡಿದು ಬಂದ ರಾತ್ರಿ ಅವಳು ಎಲ್ಲಿ ಹೋಗಿ ಕೂರುತ್ತಿದ್ದಳು? ಬೇಬಿ ಕಾಂಬಳೆಯವರು ಈ ಪ್ರಶ್ನೆಗೆ ಮುಖಾಮುಖಿಯಾದರು. 1986ರಲ್ಲಿ ಪುಸ್ತಕವಾಗಿ ಬಂದ ಅವರ ಮರಾಠಿ ಆತ್ಮಕಥನ ‘ಜಿಣ ಆಮುಚ’ದಲ್ಲಿ ಮಹಾರವಾಡದ ಎಳೆಯ ಸೊಸೆಯರು ಹೊಡೆತ ತಾಳಲಾರದೆ ರಾತ್ರೋರಾತ್ರಿ ತವರಿಗೆ ಓಡುತ್ತಾರೆ, ತವರಿನವರೇ ಹೊಡೆದು ಹಿಂದಕ್ಕೆ ಕಳಿಸುತ್ತಾರೆ. ಎರಡು ಮನೆಗಳ ನಡುವಿನ ಕತ್ತಲ ದಾರಿಯೇ ಅವರ ವಿಳಾಸ. ತಾನು ಬರೆದದ್ದನ್ನು ಗಂಡನ ಕಣ್ಣಿಗೆ ಬೀಳದಂತೆ ವರ್ಷಗಟ್ಟಲೆ ಬಚ್ಚಿಟ್ಟಿದ್ದೆ ಎಂದು ಬೇಬಿ ಕಾಂಬಳೆಯವರೇ ಹೇಳಿಕೊಂಡಿದ್ದಾರೆ. ತಮಿಳಿನ ಬಾಮಾ 1992ರ ‘ಕರುಕ್ಕು’ವಿನಲ್ಲಿ ಕಾನ್ವೆಂಟು ಬಿಟ್ಟು ಹೊರಗೆ ಬಂದಾಗ ಮದುವೆಯಿಲ್ಲದ ದಲಿತ ಹೆಣ್ಣು ಎಲ್ಲಿ ನಿಲ್ಲಬೇಕು ಎಂಬುದೇ ದೊಡ್ಡ ಪ್ರಶ್ನೆಯಾಗಿ ನಿಲ್ಲುತ್ತದೆ. ನಮ್ಮಲ್ಲಿ ಗೀತಾ ನಾಗಭೂಷಣ ಅವರ ‘ಬದುಕು’ ತಳಸಮುದಾಯದ ಹೆಂಗಸರ ಲೋಕವನ್ನು ದೊಡ್ಡದಾಗಿ ತೆರೆಯಿತು, 2004ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೂ ನಾನು ಓದಿದ ಮಟ್ಟಿಗೆ, ಮನೆಯಿಂದ ಹೊರಬಿದ್ದ ದಲಿತ ಹೆಣ್ಣಿನ ಒಂದು ರಾತ್ರಿಯನ್ನು ಸಂಜೆಯಿಂದ ಬೆಳಗಿನವರೆಗೆ ಬರೆದ ಕನ್ನಡ ಕಥೆ ಇನ್ನೂ ಬರಬೇಕಾಗಿದೆ.

ಗಂಡಸಿನ ರಾತ್ರಿಗಳನ್ನು ನಾವು ಓದಿದ್ದೇವೆ. ಸಿದ್ಧಲಿಂಗಯ್ಯನವರು ‘ಊರುಕೇರಿ’ಯಲ್ಲಿ ಸ್ಮಶಾನದಲ್ಲಿ ಕಳೆದ ಹೊತ್ತುಗಳನ್ನು ತಮ್ಮ ವಿಶಿಷ್ಟ ವಿನೋದದಲ್ಲಿ ಹೇಳುತ್ತಾರೆ. ಕೇರಿಯ ಇಕ್ಕಟ್ಟಿನಿಂದ ತಪ್ಪಿಸಿಕೊಂಡ ಹುಡುಗನಿಗೆ ಸಮಾಧಿಗಳ ನಡುವೆ ಸಿಕ್ಕ ಏಕಾಂತ ಅದು. ಓದುವಾಗ ನಗುತ್ತೇವೆ, ನಗುತ್ತಲೇ ಗಂಟಲು ಕಟ್ಟುತ್ತದೆ. ಅದೇ ವಯಸ್ಸಿನ ಕೇರಿಯ ಹುಡುಗಿ ಅಂಥ ಏಕಾಂತವನ್ನು ಎಲ್ಲಿ ಹುಡುಕಬೇಕು? ಅಂಬೇಡ್ಕರ್ ಅವರ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೋಡಾದ ಪ್ರಸಂಗ ಎಲ್ಲರಿಗೂ ಗೊತ್ತು. ವಿದೇಶದಲ್ಲಿ ಓದಿ ಬಂದು 1917ರಲ್ಲಿ ಸಂಸ್ಥಾನದ ಕೆಲಸಕ್ಕೆ ಸೇರಿದ ವಿದ್ವಾಂಸನಿಗೆ ಊರಲ್ಲಿ ಇರಲು ಜಾಗವಿಲ್ಲ. ಹೆಸರು ಬದಲಿಸಿಕೊಂಡು ಪಾರ್ಸಿ ಛತ್ರದಲ್ಲಿದ್ದರು. ದೊಣ್ಣೆ ಹಿಡಿದು ಬಂದವರು ಖಾಲಿ ಮಾಡಿಸಿದರು. ಗೆಳೆಯರು ನೆಪ ಹೇಳಿದರು. ರಾತ್ರಿಯ ರೈಲಿನವರೆಗೆ ಸಾರ್ವಜನಿಕ ಉದ್ಯಾನದಲ್ಲಿ ಕೂತರು. ದಲಿತ ವಿಮರ್ಶೆಗೆ ಇದು ಮೂಲಪಠ್ಯವಾಗಬೇಕಾದ ಪ್ರಸಂಗ. ವಸತಿಹೀನತೆಗೆ ಕಾರಣ ಬಡತನ ಎಂದು ಮಾತ್ರ ಹೇಳುವ ಅರ್ಥಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಸಂಬಳವಿತ್ತು, ಪದವಿಯಿತ್ತು, ಮನೆ ಸಿಗಲಿಲ್ಲ.

ನೂರು ವರ್ಷ ಕಳೆದ ಮೇಲೂ ಪ್ರಶ್ನೆ ಅದೇ ಇದೆ, ಕೇಳುವ ವಿಧಾನ ಸ್ವಲ್ಪ ನಯವಾಗಿದೆ. ನಾನು ಕೆಲಸಕ್ಕೆ ಸೇರಿದ ಊರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಒಬ್ಬ ಓನರ್ ಹೆಂಡತಿ ಒಂದೇ ಉಸಿರಿನಲ್ಲಿ ಕೇಳಿದರು: “ಮೇಡಂ, ಒಬ್ರೇ ಇರ್ತೀರಾ? ನಿಮ್ಮದು ಯಾವ ಜನ ಅಂದ್ರಿ?” ಎರಡಕ್ಕೂ ಉತ್ತರ ಹೇಳಿದ ಮೇಲೆ ಅವರ ಮಗ ಮುಂದಿನ ತಿಂಗಳೇ ಬರುವವನಿದ್ದಾನೆಂದು ನೆನಪಾಯಿತು. ನನ್ನ ಜೊತೆಯ ದಲಿತ ಅಧ್ಯಾಪಕರೊಬ್ಬರಿಗೆ ಎರಡನೆಯ ಪ್ರಶ್ನೆ ಮಾತ್ರ ಬರುತ್ತದೆ. ಮೇಲ್ಜಾತಿಯ ಅವಿವಾಹಿತ ಸಹೋದ್ಯೋಗಿಗೆ ಮೊದಲನೆಯದು ಮಾತ್ರ. ನನಗೆ ಎರಡೂ. ಸಂಬಳದ ಚೀಟಿ ಇರುವವಳ ಪಾಡು ಇದು. ನನ್ನ ತರಗತಿಯ ಹುಡುಗಿಯರಲ್ಲಿ ಕೆಲವರಿಗೆ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲೇ ಮೊದಲ ಮನೆ. ಅಲ್ಲಿ ಮಾತ್ರ ಅವರಿಗೆ ಸ್ವಂತದ್ದೆಂಬ ಒಂದು ಟ್ರಂಕು, ಒಂದು ಮೂಲೆ. ಪರೀಕ್ಷೆ ಮುಗಿದು ಹಾಸ್ಟೆಲ್ ಮುಚ್ಚುವ ದಿನ ಎಲ್ಲರೂ ಖುಷಿಯಿಂದ ಊರಿಗೆ ಹೋಗ್ತಾರೆ ಅಂದುಕೊಂಡರೆ ಹಾಗಲ್ಲ. ಒಬ್ಬಿಬ್ಬರು ಗೇಟಿನ ಹತ್ತಿರ ಟ್ರಂಕಿನ ಮೇಲೆ ಕೂತೇ ಇರ್ತಾರೆ. ರಜೆಯಲ್ಲೂ ಹೆಣ್ಣುಮಕ್ಕಳ ಹಾಸ್ಟೆಲ್ ತೆರೆದಿರಬೇಕು ಎಂಬುದು ವಿದ್ಯಾರ್ಥಿ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಮೊದಲ ಸಾಲಿಗೆ ಬರಬೇಕಾದ ಮಾತು.

ಕಾನೂನಿನಲ್ಲಿ ಬಳಸಿಕೊಳ್ಳಬಹುದಾದ ಸಂದುಗಳು ಇಲ್ಲವೆಂದಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17 ಮತ್ತು 19ನೇ ಸೆಕ್ಷನ್ನುಗಳು ಹೆಂಗಸಿಗೆ ತಾನು ಬಾಳಿದ ಮನೆಯಲ್ಲಿ ಇರುವ ಹಕ್ಕು ಕೊಡುತ್ತವೆ. ಆ ಮನೆಯ ಮೇಲೆ ಅವಳಿಗೆ ಒಡೆತನ ಇರಬೇಕಾಗಿಲ್ಲ. ಹೊಡೆಯುವವನನ್ನೇ ಹೊರಗೆ ಹೋಗೆಂದು ಮ್ಯಾಜಿಸ್ಟ್ರೇಟರು ಹೇಳಬಹುದು. ಬಾತ್ರಾ ಪ್ರಕರಣದ 2006ರ ತೀರ್ಪು ಈ ಹಕ್ಕನ್ನು ಕುಗ್ಗಿಸಿತ್ತು, ಅಹುಜಾ ಪ್ರಕರಣದ 2020ರ ತೀರ್ಪು ಅದನ್ನು ತಳ್ಳಿಹಾಕಿತು. ಇದು ಅತ್ತೆ–ಮಾವನ ಬಂಗಲೆಯ ಜಗಳಗಳಿಗೆ ಸಂಬಂಧಪಟ್ಟದ್ದು ಎಂದು ನಮ್ಮವರು ತಿಳಿದುಕೊಂಡಂತಿದೆ. ಖಾತೆಯಿಲ್ಲದ ಗುಡಿಸಲಿಗೂ ಈ ಮಾತು ಅನ್ವಯಿಸುತ್ತದೆ ಎಂದು ತಾಲೂಕು ಕೋರ್ಟುಗಳಲ್ಲಿ ವಾದಿಸಬೇಕಾದವರು ನಮ್ಮ ದಲಿತ ವಕೀಲರು. ಹಾಗೆಯೇ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗಳನ್ನು ಸಕ್ರಮ ಮಾಡುವ ಭೂಕಂದಾಯ ಕಾಯ್ದೆಯ 94ಸಿ, 94ಸಿಸಿ ಅರ್ಜಿಗಳನ್ನು ಸಂಘಟನೆಗಳು ಬರೆಸುವಾಗ ಯಾರ ಹೆಸರಿನಲ್ಲಿ ಬರೆಸುತ್ತವೆ? ಭೂಮಿ ಹೋರಾಟದ ಮೆರವಣಿಗೆಯಲ್ಲಿ ಮುಂದೆ ಹೆಂಗಸರು, ಅರ್ಜಿಯಲ್ಲಿ ಮುಂದೆ ಗಂಡಸರು ಎಂಬುದು ನಮ್ಮೊಳಗಿನ ಸಂಗತಿ. ಅದನ್ನು ಸರ್ಕಾರದ ತಲೆಗೆ ಕಟ್ಟಲು ಬರುವುದಿಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿದಾರನೆಂದರೆ ಗಂಡಸು ಎಂದೇ ಆದದ್ದನ್ನು ನೋಡಿಯೂ ನಾವು ಕಲಿಯಲಿಲ್ಲ.

ನಗರದ ಕಥೆ ಬೇರೆ. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದ ಬಡವರ ಕ್ವಾರ್ಟರ್ಸ್ ಜಾಗದಲ್ಲಿ ಜೆಸಿಬಿ ಓಡಿದಾಗ ಬೀದಿಗೆ ಬಂದದ್ದು ಸಾವಿರಕ್ಕೂ ಮಿಕ್ಕಿದ ಸಂಸಾರಗಳು, ಅವರಲ್ಲಿ ದಲಿತರೇ ಬಹಳ. ಫುಟ್‌ಪಾತಿನಲ್ಲಿ ಟಾರ್ಪಾಲಿನ ಕೆಳಗೆ ತಿಂಗಳುಗಟ್ಟಲೆ ಕೂತು ಹೋರಾಟ ನಡೆಸಿದವರಲ್ಲಿ ಮುಂದಿದ್ದವರು ಹೆಂಗಸರು. ಸುಪ್ರೀಂ ಕೋರ್ಟು ಆಹಾರ ಹಕ್ಕಿನ ಪ್ರಕರಣದಲ್ಲಿ 2010ರಲ್ಲಿ ದೊಡ್ಡ ನಗರಗಳಿಗೆ ಒಂದು ಲಕ್ಷ ಜನಕ್ಕೊಂದು ಆಶ್ರಯತಾಣ ಇರಬೇಕೆಂದಿತು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ತಲೆಗೆ 50 ಚದರಡಿಯ ಲೆಕ್ಕವನ್ನೂ ಹೇಳಿತು. ನಿಮ್ಮ ಊರಿನ ನಗರಸಭೆಗೆ ಹೋಗಿ ಕೇಳಿ: ನಮ್ಮಲ್ಲಿ ಎಷ್ಟಿವೆ, ಹೆಂಗಸರಿಗೆ ಎಷ್ಟು, ಅದರಲ್ಲಿ ರಾತ್ರಿ ಹತ್ತರ ಮೇಲೆ ಬಾಗಿಲು ತೆರೆಯುವವು ಯಾವುವು? 2015ರಿಂದ ಬಂದ ಸಖಿ ಕೇಂದ್ರಗಳಲ್ಲಿ ಇರಲು ಬಿಡುವುದು ಐದು ದಿನ. ಆರನೆಯ ದಿನಕ್ಕೆ ಯೋಜನೆಯ ಬಳಿ ಇರುವ ಉತ್ತರ ಮತ್ತೊಂದು ಸಂಸ್ಥೆಗೆ ಚೀಟಿ, ಇಲ್ಲವೆಂದರೆ ಗಂಡನ ಜೊತೆ ರಾಜಿ. ಇವೆಲ್ಲಕ್ಕಿಂತ ಹಳೆಯದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆ. ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಅಲೆಯುವುದೂ ಅದರ ವ್ಯಾಖ್ಯೆಯೊಳಗೆ ಬಂದುಬಿಡುತ್ತದೆ. ಮನೆ ಇರುವವರು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇಕಡಾ 3ರಷ್ಟು ಭಿಕ್ಷುಕರ ಕರ ವಸೂಲಾಗುತ್ತದೆ, ಆ ಹಣದಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುತ್ತವೆ. ಬೆಂಗಳೂರಿನ ಅಂಥ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಜನ ಸಾಲುಸಾಲಾಗಿ ಸತ್ತರು. ಈ ಕೇಂದ್ರಗಳು ಇರುವುದು ಸಮಾಜ ಕಲ್ಯಾಣ ಇಲಾಖೆಯ ಕೆಳಗೆ, ನಮ್ಮ ಹಾಸ್ಟೆಲುಗಳ ಇಲಾಖೆಯೇ ಅದು. ಮನೆಯಿಲ್ಲದಿರುವುದನ್ನು ಅಪರಾಧವೆಂದು ಓದುವ ಈ ಕಾಯ್ದೆಯನ್ನು ರದ್ದು ಮಾಡಿ, ಅದೇ ಕರದ ಹಣವನ್ನು ಹೆಂಗಸರ ಆಶ್ರಯತಾಣಗಳಿಗೆ ತಿರುಗಿಸಿ ಎಂದು ಕೇಳುವುದು ಆಗದ ಮಾತೇನಲ್ಲ. ದೆಹಲಿ ಹೈಕೋರ್ಟು 2018ರಲ್ಲೇ ಅಲ್ಲಿನ ಭಿಕ್ಷಾಟನೆ ಕಾನೂನಿನ ಮುಖ್ಯ ಭಾಗಗಳನ್ನು ತೆಗೆದುಹಾಕಿದೆ.

ಕೊನೆಯದಾಗಿ ಲೆಕ್ಕದ ವಿಷಯ. 2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದು ರಾತ್ರಿ. ದೇಶದಲ್ಲಿ 17.7 ಲಕ್ಷ ಜನ ಸಿಕ್ಕರು. ಬಯಲಲ್ಲಿ, ಫುಟ್‌ಪಾತಿನಲ್ಲಿ, ಫ್ಲೈಓವರ್ ಕೆಳಗೆ ಮಲಗಿದವರನ್ನು ಹುಡುಕಿಕೊಂಡು ಹೋದರೆ ಸಿಗುವುದು ಹೆಚ್ಚಾಗಿ ಗಂಡಸರೇ. ಹೆಂಗಸು ಹಾಗೆ ಕಾಣುವಂತೆ ಮಲಗುವುದಿಲ್ಲ. ದೊಡ್ಡಾಸ್ಪತ್ರೆಯ ವರಾಂಡದಲ್ಲಿ ರೋಗಿಯ ಕಡೆಯವಳಂತೆ ಕೂರುತ್ತಾಳೆ. ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನ ಬಸ್ಸಿಗೆ ಕಾಯುವವಳಂತೆ ಬ್ಯಾಗಿನ ಮೇಲೆ ತಲೆಯಿಡುತ್ತಾಳೆ. ಜಾತ್ರೆಯ ದಿನಗಳಲ್ಲಿ ಗುಡಿಯ ಪೌಳಿಯಲ್ಲಿ ಹರಕೆಯವಳಾಗುತ್ತಾಳೆ, ಅದೂ ಒಳಗೆ ಬಿಟ್ಟರೆ. ಮನೆಯಿಲ್ಲವೆಂಬುದು ಯಾರಿಗೂ ಗೊತ್ತಾಗದಂತೆ ನೋಡಿಕೊಳ್ಳುವುದೇ ಅವಳ ರಕ್ಷಣೆ. ಅವಳು ಗೆದ್ದಷ್ಟೂ ಲೆಕ್ಕದಲ್ಲಿ ಸೋಲುತ್ತಾಳೆ. 2027ರ ಜನಗಣತಿಯಲ್ಲೂ ಅಂಥ ಒಂದು ರಾತ್ರಿ ಬರುತ್ತದೆ. ಎಣಿಸುವವರಲ್ಲಿ ಹೆಂಗಸರಿರಬೇಕು, ಆಸ್ಪತ್ರೆ ವರಾಂಡ, ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮು, ಗುಡಿ–ದರ್ಗಾಗಳ ಪೌಳಿ ಎಲ್ಲವನ್ನೂ ಪಟ್ಟಿಗೆ ಹಾಕಬೇಕು, ಸ್ಥಳೀಯ ಸಂಘಟನೆಯ ಹೆಣ್ಣುಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಬೇಕು ಎಂದು ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗೆ ಈಗಲೇ ಮನವಿ ಬರೆದು ಕೊಡಬೇಕಾಗಿದೆ. ಮನವಿಯ ಕರಡು ಬರೆಯಲು ಭಾಷೆ ಗೊತ್ತಿರುವವರು ಬೇಕು. ಈ ಸಂಚಿಕೆಯನ್ನು ಓದುವವರಲ್ಲಿ ಅಂಥವರು ಬಹಳ ಜನ ಇದ್ದೀರಿ.